ಊರಿನ ಮೇಲಣ ಆಕಾಶ: ವಿಮಾನನಿಲ್ದಾಣಗಳ ಸದ್ದೂ ಅಮೆರಿಕದ ನ್ಯಾಯನಿರ್ಣಯಗಳೂ

೧

ನೆಲದ ಒಡೆತನಕ್ಕೆ ಎಲ್ಲೆಯನ್ನು ಗೊತ್ತುಮಾಡುವುದು ಧರ್ಮಶಾಸ್ತ್ರಗಳಲ್ಲಿ ಬಹು ಹಳೆಯ ಪ್ರಕರಣ. ಸ್ಮೃತಿಕಾರರು ಅದನ್ನು ಸೀಮಾವಿವಾದವೆಂದು ಪ್ರತ್ಯೇಕವಾಗಿ ಎಣಿಸಿ, ಮರ, ಹುತ್ತ, ಕಟ್ಟೆ ಮೊದಲಾದ ಗುರುತುಗಳಿಂದ ಊರೂರ ಗಡಿಗಳನ್ನು ತೀರ್ಮಾನಿಸುವ ಕ್ರಮವನ್ನು ವಿಧಿಸಿರುವರು. ಆದರೆ ಆ ಗಡಿಗಳೆಲ್ಲ ನೆಲದ ಮೇಲಿನವು. ಆಕಾಶದಲ್ಲಿಯೂ ಊರಿಗೆ ಗಡಿಯುಂಟೇ, ಉಂಟಾದರೆ ಅಲ್ಲಿಂದ ಕೆಳಗಿಳಿದು ಬರುವ ಸದ್ದನ್ನು ತಡೆಯುವ ಅಧಿಕಾರವು ಆ ಊರಿಗೆ ಉಂಟೇ ಎಂಬ ಪ್ರಶ್ನೆಯು ವಿಮಾನವು ಹುಟ್ಟಿದ ಮೇಲೆ ಹುಟ್ಟಿದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳ ನ್ಯಾಯಾಲಯಗಳು ಈ ಪ್ರಶ್ನೆಯನ್ನು ೧೯೪೬ರಿಂದ ಸುಮಾರು ಎಪ್ಪತ್ತು ವರ್ಷಗಳ ಕಾಲ ಮತ್ತೆ ಮತ್ತೆ ವಿಚಾರಿಸಿದುವು. ಆ ವಿಚಾರದ ಚರಿತ್ರೆಯೇ ಪ್ರಕೃತ ಲೇಖನದ ವಿಷಯ.

ಆ ದೇಶದ ಆಡಳಿತವು ಮೂರು ಮೆಟ್ಟಿಲುಗಳಲ್ಲಿ ಹಂಚಿಹೋಗಿರುವುದು: ಮೇಲೆ ಕೇಂದ್ರ, ನಡುವೆ ಸಂಸ್ಥಾನಗಳು, ಕೆಳಗೆ ಊರು ಪಟ್ಟಣಗಳ ಸಭೆಗಳು. ರಾಜ್ಯಾಂಗದ ೬ನೆಯ ವಿಧಿಯಂತೆ ಕೇಂದ್ರದ ಕಾಯಿದೆಗೂ ಊರಿನ ಕಟ್ಟಳೆಗೂ ವಿರೋಧ ಬಂದಲ್ಲಿ ಕೇಂದ್ರದ ಕಾಯಿದೆಯೇ ನಿಲ್ಲತಕ್ಕದ್ದು. ಒಮ್ಮೊಮ್ಮೆ ಎರಡಕ್ಕೂ ನೇರವಾದ ವಿರೋಧವಿಲ್ಲದಿದ್ದರೂ, ಕೇಂದ್ರವು ಒಂದು ವಿಷಯವನ್ನು ಸಂಪೂರ್ಣವಾಗಿ ತನ್ನ ವಶಕ್ಕೆ ತೆಗೆದುಕೊಂಡಿದೆಯೆಂದು ನ್ಯಾಯಾಲಯಕ್ಕೆ ತೋರಿದರೆ ಊರಿನ ಕಟ್ಟಳೆಯು ಬಿದ್ದುಹೋಗುವುದು. ಮೀಮಾಂಸಕರ ಪರಿಭಾಷೆಯಲ್ಲಿ ಇದನ್ನು ಬಾಧವೆನ್ನಬಹುದು.

ವಿಮಾನದ ಸದ್ದಿನ ಮೊಕದ್ದಮೆಗಳನ್ನು ಕೇಂದ್ರಕ್ಕೂ ಊರಿಗೂ ನಡೆದ ಅಧಿಕಾರದ ಜಗಳವೆಂದು ಓದುವುದು ವಾಡಿಕೆ. ಆದರೆ ತೀರ್ಪುಗಳನ್ನು ಕಾಲಾನುಕ್ರಮವಾಗಿ ಜೋಡಿಸಿ ನೋಡಿದಲ್ಲಿ ಇನ್ನೊಂದು ಸಂಗತಿಯು ಸ್ಫುಟವಾಗುವುದು. ಸದ್ದಿನ ನಷ್ಟಕ್ಕೆ ಹಣ ತೆರುವ ಹೊಣೆಯು ಮೊದಲು ಊರಿನ ಮೇಲೆ ಬಿದ್ದಿತು. ಸದ್ದನ್ನು ತಡೆಯುವ ಅಧಿಕಾರವು ಆಮೇಲೆ ಊರಿನ ಕೈಬಿಟ್ಟಿತು. ಹೊಣೆಯೊಂದು ಕಡೆ, ಅಧಿಕಾರವೊಂದು ಕಡೆ ಆದುದು ಹೇಗೆಂಬುದನ್ನು ಮುಂದೆ ವಿವರಿಸಲಾಗುವುದು.

೨

ನೆಲವು ಯಾರದೋ ಅದರ ಮೇಲಣ ಆಕಾಶವೂ ಅವರದೇ ಎಂಬ ನ್ಯಾಯವು ಯೂರೋಪಿನಲ್ಲಿ ಪುರಾತನವಾದುದು. ೧೩ನೆಯ ಶತಮಾನದಲ್ಲಿ ಬೊಲೋನಾ ನಗರದ ವ್ಯಾಖ್ಯಾನಕಾರನಾದ ಅಕ್ಯೂರ್ಸಿಯಸನಿಂದ ಅದು ಬಂದಿತೆಂದು ಪ್ರತೀತಿ. ಇಂಗ್ಲೆಂಡಿನಲ್ಲಿ ಕೋಕ್ ಮತ್ತು ಬ್ಲ್ಯಾಕ್‌ಸ್ಟನ್ ಎಂಬ ನ್ಯಾಯಕೋವಿದರು ಅದನ್ನು ಸ್ವೀಕರಿಸಿದರು. ಅಲ್ಲಿಂದ ಅದು ಅಮೆರಿಕಕ್ಕೆ ಹೋಯಿತು. ಆಕಾಶದಲ್ಲಿ ಹಕ್ಕಿಗಳಲ್ಲದೆ ಬೇರಾರೂ ಸಂಚರಿಸದಿದ್ದ ಕಾಲದಲ್ಲಿ ಈ ನ್ಯಾಯದಿಂದ ತೊಡಕೇನೂ ಇರಲಿಲ್ಲ. ೧೯೨೬ರ ವಾಯುವಾಣಿಜ್ಯದ ಕಾಯಿದೆಯಲ್ಲಿ ಅಮೆರಿಕದ ಶಾಸನಸಭೆಯಾದ ಕಾಂಗ್ರೆಸ್ಸು, ಗೊತ್ತಾದ ಎತ್ತರಕ್ಕಿಂತ ಮೇಲಣ ಆಕಾಶದಲ್ಲಿ ಸಂಚರಿಸುವ ಹಕ್ಕು ಸಾರ್ವಜನಿಕರದೆಂದು ಸಾರಿತು. ೧೯೩೮ರ ಕಾಯಿದೆಯು ಅದನ್ನು ಇನ್ನಷ್ಟು ಬಲಪಡಿಸಿತು. ಆದರೆ ವಿಮಾನವು ಏರುವಾಗಲೂ ಇಳಿಯುವಾಗಲೂ ಆ ಎತ್ತರಕ್ಕಿಂತ ಕೆಳಗೆ ಹಾರಲೇಬೇಕಷ್ಟೆ. ಆ ಕೆಳಗಣ ಆಕಾಶವು ಯಾರದೆಂಬುದು ನಿರ್ಣಯವಾಗದೆ ಉಳಿಯಿತು.

ನಿರ್ಣಯಕ್ಕೆ ಕಾರಣವಾದುದು ಒಂದು ಕೋಳಿಸಾಕಣೆಯ ಹೊಲ. ಉತ್ತರ ಕ್ಯಾರೊಲೈನಾ ಸಂಸ್ಥಾನದ ಗ್ರೀನ್ಸ್‌ಬರೋ ಎಂಬಲ್ಲಿನ ವಿಮಾನನಿಲ್ದಾಣವನ್ನು ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಕೇಂದ್ರ ಸರ್ಕಾರವು ಸೈನ್ಯದ ಉಪಯೋಗಕ್ಕಾಗಿ ಗುತ್ತಿಗೆಗೆ ಪಡೆಯಿತು. ಅದರ ಸಮೀಪದಲ್ಲಿ ಕಾಸ್ಬಿ ಎಂಬ ರೈತದಂಪತಿಗಳಿಗೆ ೨.೮ ಎಕರೆ ಭೂಮಿಯಿದ್ದಿತು. ಇಳಿಯುವ ವಿಮಾನಗಳು ಅವರ ಭೂಮಿಯಿಂದ ೮೩ ಅಡಿ ಎತ್ತರದಲ್ಲಿ, ಮನೆಯ ಮೇಲಿನಿಂದ ೬೭ ಅಡಿ ಅಂತರದಲ್ಲಿ, ಅತ್ಯಂತ ಎತ್ತರದ ಮರದ ತುದಿಯಿಂದ ೧೮ ಅಡಿ ಅಂತರದಲ್ಲಿ ಹಾದುಹೋಗುತ್ತಿದ್ದುವು. ರಾತ್ರಿ ಅವುಗಳ ದೀಪದ ಬೆಳಕಿನಿಂದ ಮನೆಯು ಹಗಲಿನಂತೆ ಬೆಳಗುತ್ತಿದ್ದಿತು. ಬೆದರಿದ ಕೋಳಿಗಳು ಗೋಡೆಗೆ ಬಡಿದುಕೊಂಡು ಸಾಯುತ್ತಿದ್ದುವು. ಒಂದೊಂದು ದಿನ ಆರರಿಂದ ಹತ್ತರವರೆಗೆ ಸತ್ತುದುಂಟು. ಹೀಗೆ ಒಟ್ಟು ೧೫೦ರಷ್ಟು ಕೋಳಿಗಳು ಸತ್ತುವು. ಕೋಳಿಯ ಕಸುಬನ್ನೇ ಆ ದಂಪತಿಗಳು ಕೈಬಿಡಬೇಕಾಯಿತು.

೧೯೪೬ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪನ್ನಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಆಕಾಶದ ತುದಿಯವರೆಗೂ ಒಡೆತನವೆಂಬ ಹಳೆಯ ನ್ಯಾಯಕ್ಕೆ ಈ ಕಾಲದಲ್ಲಿ ಸ್ಥಳವಿಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಆದರೂ ನೆಲದ ಉಪಭೋಗಕ್ಕೆ ಅತ್ಯಗತ್ಯವಾದಷ್ಟು ಸಮೀಪದ ಆಕಾಶವು ನೆಲದೊಡೆಯನಿಗೇ ಸೇರಿದುದೆಂದೂ, ಅಲ್ಲಿ ಎಡೆಬಿಡದೆ ಹಾರುವುದು ಆ ಭೂಮಿಯ ಮೇಲೆ ಅನುಭೋಗದ ಹಕ್ಕನ್ನು ಕಿತ್ತುಕೊಂಡಂತೆಯೇ ಎಂದೂ ನಿರ್ಣಯಿಸಿದರು. ಖಾಸಗಿ ಸೊತ್ತನ್ನು ಸಾರ್ವಜನಿಕ ಉಪಯೋಗಕ್ಕೆ ತೆಗೆದುಕೊಂಡಲ್ಲಿ ನ್ಯಾಯವಾದ ಪರಿಹಾರವನ್ನು ಕೊಡತಕ್ಕದ್ದೆಂಬುದು ಆ ರಾಜ್ಯಾಂಗದ ಐದನೆಯ ತಿದ್ದುಪಡಿಯ ವಿಧಿ. ಇಲ್ಲಿ ವಿಮಾನವನ್ನು ಹಾರಿಸಿದುದೂ ಕೇಂದ್ರ, ಹಣ ತೆರಬೇಕಾದುದೂ ಕೇಂದ್ರ. ಮಾಡಿದವನೇ ತೆರುವನೆಂಬ ನ್ಯಾಯವು ಇಲ್ಲಿ ಸಮನಾಗಿ ನಿಂತಿತು.

ಈ ಸಮತೆಯು ೧೯೬೨ರಲ್ಲಿ ಕದಲಿತು. ಪಿಟ್ಸ್‌ಬರ್ಗ್ ನಗರದ ವಿಮಾನನಿಲ್ದಾಣವನ್ನು ಕಟ್ಟಿಸಿ ನಡೆಸುತ್ತಿದ್ದುದು ಆಲಿಘೆನಿ ಕೌಂಟಿ, ಎಂದರೆ ಜಿಲ್ಲೆಯ ಸ್ಥಳೀಯ ಸರ್ಕಾರ. ಅಲ್ಲಿನ ನಿವಾಸಿಯಾದ ಗ್ರಿಗ್ಸ್ ಎಂಬವರ ಮನೆಯ ಮೇಲೆ ವಿಮಾನಗಳು ಕೆಲವೇ ಹತ್ತು ಅಡಿಗಳ ಎತ್ತರದಲ್ಲಿ ಏರುತ್ತಿದ್ದುವು. ಏರುವ ದಾರಿಯನ್ನು ಒಪ್ಪಿದುದು ಕೇಂದ್ರ, ಹಾರಿಸಿದವು ಖಾಸಗಿ ವಿಮಾನಸಂಸ್ಥೆಗಳು. ಹೀಗಿದ್ದರೂ ಪರಿಹಾರವನ್ನು ಕೊಡಬೇಕಾದುದು ಕೌಂಟಿಯೇ ಎಂದು ತೀರ್ಪಾಯಿತು. ನಿಲ್ದಾಣವನ್ನು ಎಲ್ಲಿ ಕಟ್ಟಬೇಕು, ಅದಕ್ಕೆ ಎಷ್ಟು ಜಾಗ ಬೇಕು ಎಂದು ಗೊತ್ತುಮಾಡಿದುದು ಕೌಂಟಿಯಾದುದರಿಂದ, ಸೇತುವೆಗೆ ನೆಲವನ್ನು ಕೊಳ್ಳುವಂತೆ ವಿಮಾನದ ದಾರಿಗೂ ಬೇಕಾದಷ್ಟು ಹಕ್ಕನ್ನು ಅದು ಕೊಂಡಿರಬೇಕಾಗಿದ್ದಿತೆಂಬುದು ಯುಕ್ತಿ. ಈ ತೀರ್ಪನ್ನು ಬರೆದವರೂ ಡಗ್ಲಸರೇ.

ಭಿನ್ನಾಭಿಪ್ರಾಯವನ್ನು ಬರೆದ ನ್ಯಾಯಮೂರ್ತಿ ಹ್ಯೂಗೋ ಬ್ಲ್ಯಾಕರ ಮಾತನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಆಕಾಶವನ್ನು ತನ್ನ ಶಾಸನದಿಂದ ವಶಪಡಿಸಿಕೊಂಡುದು ಕಾಂಗ್ರೆಸ್ಸು. ದಾರಿಯನ್ನು ವಿಧಿಸುವುದು ಕೇಂದ್ರದ ಅಧಿಕಾರಿಗಳು. ಆದಕಾರಣ ತೆರತಕ್ಕುದೂ ಕೇಂದ್ರವೇ ಎಂಬುದು ಅವರ ವಾದದ ಸಾರ. ಅಂದು ಈ ವಾದವು ಸೋತಿತು. ಆದರೆ ಮುಂದಿನ ಚರಿತ್ರೆಯೆಲ್ಲ ಈ ಸೋತ ವಾದಕ್ಕೆ ಭಾಷ್ಯದಂತಿರುವುದು.

೩

ಹಣದ ಮೊಕದ್ದಮೆಗಳು ಹೀಗೆ ನಡೆಯುತ್ತಿರಲು, ಕೆಲವು ಊರುಗಳು ಸದ್ದನ್ನೇ ತಡೆಯಲು ಕಟ್ಟಳೆಗಳನ್ನು ಮಾಡಿದುವು. ನ್ಯೂಯಾರ್ಕಿನ ಐಡಲ್‌ವೈಲ್ಡ್ ನಿಲ್ದಾಣದ (೧೯೬೩ರಿಂದ ಕೆನೆಡಿ ನಿಲ್ದಾಣದ) ನೆರೆಯಲ್ಲಿರುವ ಸೀಡರ್‌ಹರ್ಸ್ಟ್ ಎಂಬ ಗ್ರಾಮವು ತನ್ನ ಮೇಲೆ ೧,೦೦೦ ಅಡಿಗಿಂತ ಕೆಳಗೆ ಯಾವ ವಿಮಾನವೂ ಹಾರಕೂಡದೆಂದು ವಿಧಿಸಿತು. ಈ ವಿಧಿಯನ್ನು ಪಾಲಿಸಿದರೆ ವಿಮಾನಗಳು ನಿಲ್ದಾಣದಲ್ಲಿ ಇಳಿಯುವಂತೆಯೇ ಇರಲಿಲ್ಲ. ೧೯೫೬ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಅದನ್ನು ಅಸಿಂಧುವೆಂದು ಸಾರಿತು. ಅದೇ ನಿಲ್ದಾಣದ ನೆರೆಯ ಹೆಂಪ್‌ಸ್ಟೆಡ್ ಪಟ್ಟಣವು ಇದರಿಂದ ಪಾಠ ಕಲಿತು, ಎತ್ತರದ ಮಾತನ್ನೇ ಎತ್ತದೆ, ಸದ್ದು ಒಂದು ಪ್ರಮಾಣವನ್ನು ಮೀರಕೂಡದೆಂದು ಮಾತ್ರ ವಿಧಿಸಿತು. ಆದರೆ ಆ ಪ್ರಮಾಣಕ್ಕೆ ಒಳಪಡಬೇಕಾದರೆ ಕೇಂದ್ರವು ಗೊತ್ತುಮಾಡಿದ ಹಾರಾಟದ ದಾರಿಯನ್ನು ಬದಲಿಸಲೇಬೇಕಾಗುವುದೆಂದು ಕಂಡು, ನ್ಯಾಯಾಲಯವು ೧೯೬೮ರಲ್ಲಿ ಅದನ್ನೂ ಎತ್ತಿಹಾಕಿತು. ಹೆಸರು ಬೇರೆಯಾದರೂ ಫಲವು ಒಂದೇ ಎಂಬುದು ನಿರ್ಣಯದ ತಾತ್ಪರ್ಯ.

ಈ ನಡುವೆ ಕೇಂದ್ರದ ಹಿಡಿತವು ಬಿಗಿಯಾಗಲು ಬಲವಾದ ಕಾರಣಗಳಿದ್ದುವು. ೧೯೫೬ರ ಜೂನ್ ೩೦ರಂದು ಎರಡು ಪ್ರಯಾಣಿಕ ವಿಮಾನಗಳು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ಮೇಲೆ ಒಂದಕ್ಕೊಂದು ಡಿಕ್ಕಿ ಹೊಡೆದು ೧೨೮ ಜನರು ಮಡಿದರು. ಆಕಾಶಕ್ಕೆ ಒಬ್ಬನೇ ಮೇಲ್ವಿಚಾರಕನು ಬೇಕೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ೧೯೫೮ರ ಕಾಯಿದೆಯಿಂದ ಕೇಂದ್ರದ ವಿಮಾನಯಾನ ಇಲಾಖೆಯು ಹುಟ್ಟಿತು. ಏರಲೂ ಇಳಿಯಲೂ ಬೇಕಾದ ಕೆಳಗಣ ಆಕಾಶವೂ ಸಂಚಾರದ ಆಕಾಶವೇ ಎಂದು ಅದೇ ಕಾಯಿದೆಯು ಸ್ಪಷ್ಟಪಡಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಿಂದ ಪ್ಯಾರಿಸಿಗೆ ಬೋಯಿಂಗ್ ೭೦೭ ಜೆಟ್ ವಿಮಾನದ ಸಂಚಾರವು ಮೊದಲಾಯಿತು. ಹೀಗೆ ಸದ್ದು ಹೆಚ್ಚಿದುದೂ ಅಧಿಕಾರವು ಮೇಲಕ್ಕೆ ಹೋದುದೂ ಒಂದೇ ಕಾಲದಲ್ಲಿ ಆಯಿತು. ಸದ್ದಿಗೆ ಪ್ರಮಾಣಗಳನ್ನು ಗೊತ್ತುಮಾಡುವಂತೆ ಆ ಇಲಾಖೆಗೆ ಕಾಂಗ್ರೆಸ್ಸು ಆಜ್ಞಾಪಿಸಿದುದು ೧೯೬೮ರಲ್ಲಿ. ೧೯೭೨ರಲ್ಲಿ ಸದ್ದಿನ ನಿಯಂತ್ರಣಕ್ಕೆಂದೇ ಪ್ರತ್ಯೇಕವಾದ ಕಾಯಿದೆಯು ಬಂದಿತು.

೪

ಈ ಚರಿತ್ರೆಯ ಮಧ್ಯಮಣಿಯೆನ್ನಬಹುದಾದ ಮೊಕದ್ದಮೆಯು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ನಗರದ್ದು. ಅಲ್ಲಿನ ಹಾಲಿವುಡ್-ಬರ್ಬ್ಯಾಂಕ್ ನಿಲ್ದಾಣವು ಆಗ ಲಾಕ್‌ಹೀಡ್ ಎಂಬ ಖಾಸಗಿ ಸಂಸ್ಥೆಯ ಸೊತ್ತಾಗಿದ್ದಿತು. ರಾತ್ರಿ ೧೧ ಗಂಟೆಯಿಂದ ಬೆಳಿಗ್ಗೆ ೭ ಗಂಟೆಯವರೆಗೆ ಜೆಟ್ ವಿಮಾನಗಳು ಅಲ್ಲಿಂದ ಏರಕೂಡದೆಂದು ನಗರಸಭೆಯು ೧೯೭೦ರಲ್ಲಿ ಕಟ್ಟಳೆ ಮಾಡಿತು. ಇದರಿಂದ ಬಾಧಿತವಾದ ನಿಯತ ಸಂಚಾರವು ಒಂದೇ ಒಂದು: ಭಾನುವಾರ ರಾತ್ರಿ ೧೧-೩೦ಕ್ಕೆ ಸ್ಯಾನ್ ಡೀಯೇಗೋ ನಗರಕ್ಕೆ ಹೊರಡುತ್ತಿದ್ದ ವಿಮಾನ. ವಾರಕ್ಕೊಂದು ವಿಮಾನದ ಈ ಸಣ್ಣ ವಿವಾದದಲ್ಲಿ ಇಡೀ ದೇಶದ ನಗರಗಳ ಅಧಿಕಾರವೇ ಪಣವಾಗಿದ್ದಿತು.

೧೯೭೩ರ ಮೇ ೧೪ರಂದು ಸರ್ವೋಚ್ಚ ನ್ಯಾಯಾಲಯವು ಐವರಿಗೆ ನಾಲ್ವರಂತೆ ಒಡೆದು, ನಗರದ ಕಟ್ಟಳೆಯು ಸಲ್ಲದೆಂದಿತು. ಬಹುಮತವನ್ನು ಬರೆದವರು ಈ ಬಾರಿಯೂ ಡಗ್ಲಸರೇ. ೧೯೬೮ರ ಮತ್ತು ೧೯೭೨ರ ಕಾಯಿದೆಗಳಲ್ಲಿ ಊರುಗಳ ಅಧಿಕಾರವನ್ನು ತೆಗೆದುಹಾಕುವ ಸ್ಪಷ್ಟವಾದ ಮಾತಿಲ್ಲವೆಂಬುದನ್ನು ಅವರೂ ಒಪ್ಪಿದರು. ಆದರೆ ಕೇಂದ್ರದ ವ್ಯವಸ್ಥೆಯು ಎಲ್ಲೆಡೆಯೂ ವ್ಯಾಪಿಸಿರುವುದು; ಸುರಕ್ಷತೆ, ದಕ್ಷತೆ, ಸದ್ದು ಇವು ಒಂದನ್ನೊಂದು ಅವಲಂಬಿಸಿರುವುವು; ಬರ್ಬ್ಯಾಂಕನ್ನು ನೋಡಿ ಊರೂರೂ ತನ್ನದೇ ಆದ ಗಂಟೆಗಳನ್ನು ವಿಧಿಸತೊಡಗಿದರೆ ಆಕಾಶದ ಸಂಚಾರವೇ ಅಸ್ತವ್ಯಸ್ತವಾಗುವುದು; ಆದುದರಿಂದ ಕಾಂಗ್ರೆಸ್ಸಿನ ಅಭಿಪ್ರಾಯವು ಹೀಗೆಯೇ ಇರಬೇಕು, ಎಂದು ಅವರು ಊಹಿಸಿದರು. ವಿಲಿಯಂ ರೆನ್‌ಕ್ವಿಸ್ಟರು ಉಳಿದ ಮೂವರೊಡನೆ ಭಿನ್ನಾಭಿಪ್ರಾಯವನ್ನಿತ್ತರು. ಸದ್ದಿನಿಂದ ಪ್ರಜೆಗಳನ್ನು ಕಾಪಾಡುವುದು ಊರಿನ ಪರಂಪರಾಗತವಾದ ಅಧಿಕಾರ. ಅದನ್ನು ಕಿತ್ತುಕೊಳ್ಳುವುದಾದರೆ ಕಾಂಗ್ರೆಸ್ಸು ತನ್ನ ಉದ್ದೇಶವನ್ನು ಸಂದೇಹವಿಲ್ಲದಂತೆ ತಿಳಿಸಿರಬೇಕು. ಊಹೆಯು ಸಾಲದು ಎಂಬುದು ಅವರ ಪಕ್ಷ.

ಮೀಮಾಂಸಾಶಾಸ್ತ್ರವನ್ನು ಬಲ್ಲವರಿಗೆ ಈ ವಿವಾದವು ಪರಿಚಿತವಾಗಿಯೇ ತೋರುವುದು. ವಿಧಿಯ ಅರ್ಥವನ್ನು ನಿರ್ಣಯಿಸುವಲ್ಲಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಜೈಮಿನಿಯು ಎಣಿಸಿ, ಮುಂದುಮುಂದಿನದು ಹಿಂದಿನದಕ್ಕಿಂತ ದುರ್ಬಲವೆಂದು ಹೇಳಿರುವನು. ನೇರವಾಗಿ ನುಡಿದ ಮಾತೇ ಶ್ರುತಿ. ಸಂದರ್ಭದ ಸಮಗ್ರತೆಯಿಂದ ಹೊಳೆಯುವುದು ಪ್ರಕರಣ. ಡಗ್ಲಸರು ಪ್ರಕರಣವನ್ನು ಆಶ್ರಯಿಸಿದರು, ರೆನ್‌ಕ್ವಿಸ್ಟರು ಶ್ರುತಿಯನ್ನು ಬೇಡಿದರು ಎನ್ನಬಹುದು. ಸಂದರ್ಭದ ಪ್ರಮಾಣವು ಸಲ್ಲದೆಂದಲ್ಲ. ಮಾತೇ ಇಲ್ಲದೆಡೆ ಅದೂ ಪ್ರಮಾಣವೇ. ಆದರೆ ಹಳೆಯದೊಂದು ಅಧಿಕಾರವನ್ನು ಕಿತ್ತುಹಾಕುವುದಕ್ಕೆ ಅದೊಂದೇ ಸಾಕೇ ಎಂಬಲ್ಲಿ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಸರಿಸುಮಾರು ಇಬ್ಭಾಗವಾದುದು ಆಶ್ಚರ್ಯವಲ್ಲ.

ತೀರ್ಪಿನ ೧೪ನೆಯ ಅಡಿಟಿಪ್ಪಣಿಯಲ್ಲಿ ಒಂದು ಬಾಗಿಲು ತೆರೆದುಳಿಯಿತು. ೧೯೬೮ರ ಕಾಯಿದೆಯು ಕಾಂಗ್ರೆಸ್ಸಿನ ಮುಂದಿದ್ದಾಗ, ನಿಲ್ದಾಣದ ಒಡೆಯನು ತಾರತಮ್ಯವಿಲ್ಲದೆ ಸದ್ದಿನ ಕಾರಣದಿಂದ ವಿಮಾನಗಳನ್ನು ನಿರಾಕರಿಸುವ ಹಕ್ಕಿಗೆ ಅದರಿಂದ ಚ್ಯುತಿಯಿಲ್ಲವೆಂದು ಸಾರಿಗೆಯ ಮಂತ್ರಿಗಳು ಬರೆದು ತಿಳಿಸಿದ್ದರು. ಬರ್ಬ್ಯಾಂಕ್ ನಗರವು ನಿಲ್ದಾಣದ ಒಡೆಯನಲ್ಲ. ಒಡೆಯನಾಗಿದ್ದರೆ ಏನಾಗುತ್ತಿದ್ದಿತೆಂಬುದನ್ನು ಇಲ್ಲಿ ನಿರ್ಣಯಿಸಿಲ್ಲವೆಂದು ನ್ಯಾಯಾಲಯವು ಹೇಳಿತು. ಹೀಗೆ ಶಾಸಕತ್ವವು ಹೋಗಿ ಸ್ವಾಮಿತ್ವವು ಉಳಿಯಿತು. ಇದಕ್ಕೆ ಯುಕ್ತಿಯೂ ಇದ್ದಿತು: ೧೯೬೨ರ ತೀರ್ಪಿನಂತೆ ಒಡೆಯನೇ ಹಣ ತೆರಬೇಕಾಗಿರುವಾಗ, ತೆರಬೇಕಾಗಿ ಬರುವ ಸದ್ದನ್ನು ಕಡಮೆ ಮಾಡುವ ಶಕ್ತಿಯು ಅವನಿಗೆ ಇರಲೇಬೇಕಷ್ಟೆ.

೫

ಮುಂದಿನ ಹದಿನೇಳು ವರ್ಷಗಳು ಈ ಸ್ವಾಮಿತ್ವದ ಕಾಲ. ಧ್ವನಿಗಿಂತ ವೇಗವಾಗಿ ಹಾರುವ ಕಾಂಕಾರ್ಡ್ ವಿಮಾನವನ್ನು ನ್ಯೂಯಾರ್ಕಿನ ನಿಲ್ದಾಣದ ಒಡೆಯರಾದ ಪೋರ್ಟ್ ಅಥಾರಿಟಿಯವರು ೧೯೭೬ರಲ್ಲಿ ತಡೆದರು. ಒಡೆಯನು ಸದ್ದಿನ ನಿಯಮವನ್ನು ಮಾಡಬಹುದು, ಆದರೆ ಅದು ಯುಕ್ತವೂ ಪಕ್ಷಪಾತರಹಿತವೂ ಆಗಿರಬೇಕು. ನಿಯಮವನ್ನು ಮಾಡದೆ ಸುಮ್ಮನೆ ಕಾಲಹರಣ ಮಾಡುವುದು ಯುಕ್ತವಲ್ಲ ಎಂದು ನ್ಯಾಯಾಲಯವು ಹೇಳಿದುದರಿಂದ ೧೯೭೭ರ ನವೆಂಬರಿನಲ್ಲಿ ಆ ವಿಮಾನವು ನ್ಯೂಯಾರ್ಕಿಗೆ ಬಂದಿತು. ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ನಗರವು ತನ್ನ ನಿಲ್ದಾಣಕ್ಕೆ ಜೆಟ್ ವಿಮಾನಗಳೇ ಬರಕೂಡದೆಂದುದನ್ನು ನ್ಯಾಯಾಲಯವು ೧೯೭೯ರಲ್ಲಿ ತಳ್ಳಿಹಾಕಿತು; ಆದರೆ ಅದೇ ನಗರದ ರಾತ್ರಿಯ ನಿರ್ಬಂಧವನ್ನೂ ಸದ್ದಿನ ಪ್ರಮಾಣವನ್ನೂ ಎತ್ತಿಹಿಡಿಯಿತು. ಸದ್ದನ್ನು ಅಳೆದು ತಡೆಯಬಹುದು, ವಿಮಾನದ ಜಾತಿಯನ್ನು ನೋಡಿ ತಡೆಯಕೂಡದು ಎಂಬುದು ಇದರಿಂದ ಸಿದ್ಧವಾಯಿತು.

ಹೊಣೆಯಾದರೋ ಬೆಳೆಯುತ್ತಲೇ ಹೋಯಿತು. ಲಾಸ್ ಏಂಜಲೀಸ್ ನಗರವು ತನ್ನ ನಿಲ್ದಾಣದ ಪಶ್ಚಿಮಕ್ಕೆ ಕಡಲದಂಡೆಯಲ್ಲಿದ್ದ ಬಡಾವಣೆಯ ನೂರಾರು ಮನೆಗಳನ್ನು ಕೊಂಡು ಕೆಡವಬೇಕಾಯಿತು. ಬೀದಿಗಳ ಗುರುತು ಮಾತ್ರ ಉಳಿದ ಆ ಮರಳುದಿಬ್ಬಗಳು ಅನಂತರ ಅಳಿವಿನಂಚಿನ ಒಂದು ನೀಲಿ ಚಿಟ್ಟೆಯ ಆಶ್ರಯಸ್ಥಾನವಾದುವು. ಭೂಮಿಯ ಬೆಲೆಯಿಳಿದುದಕ್ಕೆ ಮಾತ್ರವಲ್ಲದೆ ನಿವಾಸಿಗಳ ಮನಃಕ್ಲೇಶಕ್ಕೂ ಆ ನಗರವು ಪರಿಹಾರ ತೆರಬಹುದೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ೧೯೭೯ರಲ್ಲಿ ತೀರ್ಪಿತ್ತಿತು.

೧೯೯೦ರ ನವೆಂಬರಿನಲ್ಲಿ ಕಾಂಗ್ರೆಸ್ಸು ವಿಮಾನನಿಲ್ದಾಣಗಳ ಸದ್ದು ಮತ್ತು ಸಾಮರ್ಥ್ಯದ ಕಾಯಿದೆಯನ್ನು ಮಾಡಿತು. ಅದು ಒಂದು ಬಗೆಯ ವಿನಿಮಯ. ೭೫,೦೦೦ ಪೌಂಡಿಗಿಂತ ಭಾರವಾದ, ಎರಡನೆಯ ದರ್ಜೆಯವೆಂದು ಹೆಸರಾದ ಹಳೆಯ ಗದ್ದಲದ ಜೆಟ್‌ಗಳು ೧೯೯೯ರ ಕೊನೆಯೊಳಗೆ ಆ ದೇಶದಲ್ಲಿ ಹಾರುವುದನ್ನು ನಿಲ್ಲಿಸಬೇಕೆಂದಿತು. ಇದು ನೆರೆಹೊರೆಯ ಜನರಿಗೆ ಆದ ಲಾಭ. ಅದಕ್ಕೆ ಪ್ರತಿಯಾಗಿ, ಹೆಚ್ಚು ಶಾಂತವಾದ ಮೂರನೆಯ ದರ್ಜೆಯ ವಿಮಾನಗಳನ್ನು ಯಾವ ನಿಲ್ದಾಣವೂ, ಒಡೆಯನಾಗಿಯೂ ಕೂಡ, ಎಲ್ಲ ವಿಮಾನಸಂಸ್ಥೆಗಳ ಸಮ್ಮತಿಯಾಗಲಿ ಕೇಂದ್ರದ ಒಪ್ಪಿಗೆಯಾಗಲಿ ಇಲ್ಲದೆ ನಿರ್ಬಂಧಿಸಕೂಡದೆಂದಿತು. ಕೇಂದ್ರದ ಒಪ್ಪಿಗೆಗೆ ಆರು ಷರತ್ತುಗಳು: ನಿರ್ಬಂಧವು ಯುಕ್ತವೂ ತಾರತಮ್ಯವಿಲ್ಲದುದೂ ಆಗಿರಬೇಕು, ಅಂತಸ್ಸಂಸ್ಥಾನದ ಮತ್ತು ವಿದೇಶದ ವಾಣಿಜ್ಯಕ್ಕೆ ಅನುಚಿತವಾದ ಭಾರವಾಗಕೂಡದು, ಆಕಾಶದ ಸುರಕ್ಷಿತ ಸಂಚಾರಕ್ಕೆ ಹೊಂದಬೇಕು, ಕೇಂದ್ರದ ಯಾವ ಕಾಯಿದೆಗೂ ವಿರುದ್ಧವಾಗಕೂಡದು, ಸಾರ್ವಜನಿಕರಿಗೆ ಅಭಿಪ್ರಾಯ ಹೇಳಲು ಅವಕಾಶವಿದ್ದಿರಬೇಕು, ದೇಶದ ವಿಮಾನಯಾನ ವ್ಯವಸ್ಥೆಗೆ ಹೊರೆಯಾಗಕೂಡದು. ಈ ಕಾಯಿದೆಗೆ ಮೊದಲೇ ಜಾರಿಯಲ್ಲಿದ್ದ ನಿರ್ಬಂಧಗಳು ಮಾತ್ರ ಉಳಿದುವು. ೧೯೭೩ರಲ್ಲಿ ರೆನ್‌ಕ್ವಿಸ್ಟರು ಬೇಡಿದ ಸ್ಪಷ್ಟವಾದ ಮಾತು ಹೀಗೆ ಹದಿನೇಳು ವರ್ಷಗಳ ಮೇಲೆ ಬಂದಿತು. ಆದರೆ ಅದು ಊರುಗಳಿಗೆ ಪ್ರತಿಕೂಲವಾಗಿಯೇ ಬಂದಿತು.

ಹಳೆಯ ದರ್ಜೆಯ ವಿಮಾನಗಳ ವಿಷಯದಲ್ಲಿ ಸ್ವಲ್ಪ ಎಡೆಯುಳಿದಿದ್ದಿತು. ಫ್ಲಾರಿಡಾದ ನೇಪಲ್ಸ್ ನಿಲ್ದಾಣದವರು ಎರಡನೆಯ ದರ್ಜೆಯ ಸಣ್ಣ ಜೆಟ್‌ಗಳನ್ನು ನಿಷೇಧಿಸಿ, ಕೇಂದ್ರದ ಇಲಾಖೆಯೊಡನೆ ಹೋರಾಡಿ, ೨೦೦೫ರಲ್ಲಿ ಗೆದ್ದರು. ಆದರೆ ೨೦೧೫ರ ಕೊನೆಗೆ ಆ ಸಣ್ಣ ಜೆಟ್‌ಗಳೂ ದೇಶದಾದ್ಯಂತ ನಿಂತುದರಿಂದ ಈ ಗೆಲುವಿಗೆ ಮುಂದೆ ವಿಷಯವೇ ಇಲ್ಲವಾಯಿತು. ನ್ಯೂಯಾರ್ಕ್ ಸಂಸ್ಥಾನದ ಈಸ್ಟ್ ಹ್ಯಾಂಪ್ಟನ್ ಪಟ್ಟಣವು ೨೦೧೫ರಲ್ಲಿ ತನ್ನ ನಿಲ್ದಾಣಕ್ಕೆ ರಾತ್ರಿಯ ನಿರ್ಬಂಧವನ್ನೂ ಗದ್ದಲದ ವಿಮಾನಗಳಿಗೆ ವಾರದ ಮಿತಿಯನ್ನೂ ವಿಧಿಸಿತು. ಕೇಂದ್ರದ ಧನಸಹಾಯವನ್ನು ಬಿಟ್ಟುಕೊಡುವ ಊರಿಗೆ ೧೯೯೦ರ ವಿಧಿಗಳ ಕಟ್ಟಿಲ್ಲವೆಂಬುದು ಅದರ ವಾದ. ಹಣ ಪಡೆದರೂ ಪಡೆಯದಿದ್ದರೂ ವಿಧಿಯು ವಿಧಿಯೇ ಎಂದು ಮೇಲ್ಮನವಿಯ ನ್ಯಾಯಾಲಯವು ೨೦೧೬ರ ನವೆಂಬರಿನಲ್ಲಿ ಹೇಳಿತು. ೨೦೧೭ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮನವಿಯನ್ನು ಸ್ವೀಕರಿಸಲಿಲ್ಲ.

೬

ಕಥೆಯು ಕೊನೆಗೆ ಬರ್ಬ್ಯಾಂಕಿಗೇ ಹಿಂದಿರುಗುವುದು. ೧೯೭೮ರಲ್ಲಿ ಬರ್ಬ್ಯಾಂಕ್, ಗ್ಲೆಂಡೇಲ್, ಪ್ಯಾಸಡೀನಾ ಎಂಬ ಮೂರು ನಗರಗಳು ಸೇರಿ ರಚಿಸಿಕೊಂಡ ಮಂಡಳಿಯು ಲಾಕ್‌ಹೀಡಿನಿಂದ ಆ ನಿಲ್ದಾಣವನ್ನು ಕೊಂಡಿತು. ೧೪ನೆಯ ಅಡಿಟಿಪ್ಪಣಿಯು ಬೇಡಿದ ಒಡೆತನವು ಊರುಗಳ ಕೈಸೇರಿತು. ಆದರೆ ೧೯೯೦ರ ಕಾಯಿದೆಯು ನಡುವೆ ಬಂದಿತು. ಹಲವು ವರ್ಷಗಳ ಅಧ್ಯಯನದ ಮೇಲೆ ಆ ಮಂಡಳಿಯು ರಾತ್ರಿ ೧೦ರಿಂದ ಬೆಳಿಗ್ಗೆ ೭ರವರೆಗಿನ ನಿರ್ಬಂಧಕ್ಕೆ ೨೦೦೯ರಲ್ಲಿ ಕೇಂದ್ರದ ಒಪ್ಪಿಗೆಯನ್ನು ಬೇಡಿತು. ಬೇಕಾದ ಷರತ್ತುಗಳು ಪೂರೈಸಿಲ್ಲವೆಂದು ಅದೇ ವರ್ಷದ ಅಕ್ಟೋಬರಿನಲ್ಲಿ ಇಲಾಖೆಯು ನಿರಾಕರಿಸಿತು. ೧೯೭೩ರಲ್ಲಿ ಬರ್ಬ್ಯಾಂಕ್ ಒಡೆಯನಲ್ಲವೆಂದು ಸೋತಿತು; ೨೦೦೯ರಲ್ಲಿ ಒಡೆಯನಾಗಿಯೂ ಸೋತಿತು.

ಆದರೆ ೧೯೯೦ರ ಕಾಯಿದೆಯನ್ನು ಪೂರ್ತಿಯಾಗಿ ಓದಿದವರಿಗೆ ಅದರಲ್ಲಿ ಇನ್ನೊಂದು ಚಿಕ್ಕ ವಿಧಿಯು ಕಾಣಸಿಗುವುದು. ಊರು ಬೇಡಿದ ನಿರ್ಬಂಧವನ್ನು ಕೇಂದ್ರವು ನಿರಾಕರಿಸಿದಲ್ಲಿ, ಆ ನಿರಾಕರಣೆಯಿಂದಲೇ ನೇರವಾಗಿ ಯಾರದಾದರೂ ಸೊತ್ತು ಕಿತ್ತುಕೊಂಡಂತಾದರೆ, ಅಷ್ಟರಮಟ್ಟಿಗೆ ಸದ್ದಿನ ನಷ್ಟದ ಹೊಣೆಯನ್ನು ಕೇಂದ್ರವೇ ಹೊರುವುದೆಂಬುದು ಆ ವಿಧಿ. ೧೯೬೨ರಲ್ಲಿ ಬ್ಲ್ಯಾಕರು ಹೇಳಿ ಸೋತ ಮಾತಿನ ಒಂದು ತುಣುಕು ಹೀಗೆ ಶಾಸನದೊಳಕ್ಕೆ ಬಂದಿತು. ಆದರೆ ಅದರ ಷರತ್ತು ಬಹು ಬಿಗಿಯಾದುದು. ಬೇಡದೆ ಸುಮ್ಮನಿದ್ದ ಊರಿಗೆ ಅದರಿಂದ ಪ್ರಯೋಜನವಿಲ್ಲ. ಬೇಡಿದ ಊರಾದರೂ ನಷ್ಟವು ನಿರಾಕರಣೆಯಿಂದಲೇ ಆಯಿತೆಂದು ಸಾಧಿಸಬೇಕು. ಉಳಿದೆಲ್ಲ ಸಂದರ್ಭಗಳಲ್ಲಿ ೧೯೬೨ರ ನಿರ್ಣಯದಂತೆ ಹೊಣೆಯು ಒಡೆಯನದೇ.

ವಿಜ್ಞಾನೇಶ್ವರನು ಕಲ್ಯಾಣದಲ್ಲಿದ್ದು ರಚಿಸಿದ ಮಿತಾಕ್ಷರೆಯ ಸಂವಿದ್ವ್ಯತಿಕ್ರಮ ಪ್ರಕರಣದಲ್ಲಿ, ಊರಿನವರು ತಮ್ಮತಮ್ಮೊಳಗೆ ಮಾಡಿಕೊಂಡ ಸಮಯಗಳನ್ನು, ಎಂದರೆ ಗೋವುಗಳ ಮೇವಿನ ನೆಲ, ನೀರಿನ ರಕ್ಷಣೆ, ದೇವಾಲಯದ ಪಾಲನೆ ಮುಂತಾದುವುಗಳ ಕಟ್ಟಳೆಗಳನ್ನು, ಶ್ರೌತಸ್ಮಾರ್ತ ಧರ್ಮಕ್ಕೆ ವಿರೋಧವಿಲ್ಲದಷ್ಟರಮಟ್ಟಿಗೆ ಯತ್ನದಿಂದ ಕಾಪಾಡತಕ್ಕದ್ದೆಂಬ ನ್ಯಾಯವು ಪ್ರತಿಪಾದಿತವಾಗಿದೆ. ಮೇಲಿನ ಧರ್ಮಕ್ಕೆ ವಿರೋಧವು ಬಂದಲ್ಲಿ ಊರಿನ ಸಮಯವು ಬಾಗುವುದು. ಇದರಲ್ಲಿ ಆ ನ್ಯಾಯಕ್ಕೂ ಅಮೆರಿಕದ ನ್ಯಾಯಕ್ಕೂ ಭೇದವಿಲ್ಲ. ಆಕಾಶದ ಸಂಚಾರಕ್ಕೆ ಒಂದೇ ಕೈಯ ಆಳ್ವಿಕೆಯು ಬೇಕೆಂಬುದನ್ನು ಗ್ರ್ಯಾಂಡ್ ಕ್ಯಾನ್ಯನ್ನಿನ ದುರಂತವನ್ನು ಬಲ್ಲವರಾರೂ ಅಲ್ಲಗಳೆಯಲಾರರು. ಅಲ್ಲಗಳೆಯಬಹುದಾದುದು ಇಷ್ಟೇ: ಅಧಿಕಾರವು ಮೇಲಕ್ಕೆ ಏರಿದಾಗ ಹೊಣೆಯೂ ಜೊತೆಯಲ್ಲಿ ಏರಬೇಕಾಗಿದ್ದಿತು, ಅದು ಏರಲಿಲ್ಲ.

೧೯೯೦ರಿಂದೀಚೆಗೆ ಊರುಗಳಿಗೆ ಉಳಿದಿರುವ ಉಪಾಯಗಳು ಕೆಲವೇ. ನಿಲ್ದಾಣದ ಸುತ್ತ ಮನೆಗಳನ್ನು ಕಟ್ಟಗೊಡದಂತೆ ನೆಲದ ಬಳಕೆಯನ್ನು ನಿಯಮಿಸಬಹುದು. ಮನೆಗಳ ಕಿಟಕಿ ಬಾಗಿಲುಗಳಿಗೆ ಸದ್ದು ತಡೆಯುವ ಏರ್ಪಾಡು ಮಾಡಿಸಬಹುದು. ವಿಮಾನಸಂಸ್ಥೆಗಳೊಡನೆ ಮನವೊಲಿಸಿ ಒಪ್ಪಂದ ಮಾಡಿಕೊಳ್ಳಬಹುದು. ಕಡೆಯ ಉಪಾಯವೆಂದರೆ ನಿಲ್ದಾಣವನ್ನೇ ಮುಚ್ಚುವುದು. ಜೆಟ್ ನಿಷೇಧದಲ್ಲಿ ಸೋತ ಸಾಂಟಾ ಮೋನಿಕಾ ನಗರವು ಅದನ್ನೇ ಬಯಸಿತು. ಅದಕ್ಕೂ ಕೇಂದ್ರದೊಡನೆ ದೀರ್ಘಕಾಲ ಹೋರಾಡಿ, ೨೦೧೭ರಲ್ಲಿ ರಾಜಿಯಾಗಿ, ೨೦೨೮ರ ಡಿಸೆಂಬರ್ ೩೧ರವರೆಗೆ ನಿಲ್ದಾಣವನ್ನು ನಡೆಸಿ ಅನಂತರ ಮುಚ್ಚಬಹುದೆಂಬ ಅನುಮತಿಯನ್ನು ಪಡೆಯಿತು. ನಿಲ್ದಾಣವನ್ನು ಶಾಂತಗೊಳಿಸಲು ಆಗದ ಊರಿಗೆ ಅದನ್ನು ಇಲ್ಲವಾಗಿಸಲು ಮಾತ್ರ ಆಯಿತು.

ಕಾಸ್ಬಿಯ ಹೊಲದಲ್ಲಿ ಆರಂಭವಾದ ವಿಚಾರವು ಬರ್ಬ್ಯಾಂಕಿನ ನಿರಾಕರಣೆಯವರೆಗೆ ಬಂದು ತೋರಿಸಿಕೊಡುವ ಸಿದ್ಧಾಂತವು ಇಷ್ಟು: ಆಕಾಶಕ್ಕೆ ಒಬ್ಬ ಒಡೆಯನನ್ನು ಗೊತ್ತುಮಾಡುವುದು ನ್ಯಾಯಶಾಸ್ತ್ರಕ್ಕೆ ಸುಲಭವಾಯಿತು, ಆ ಒಡೆತನದ ಋಣವನ್ನು ಅವನಿಂದಲೇ ತೀರಿಸುವುದು ಪೂರ್ತಿಯಾಗಿ ಸಾಧ್ಯವಾಗಲಿಲ್ಲ.